ಪ್ರತಿಕ್ರಿಯೆ: ಪರಪ್ಪನ ಅಗ್ರಹಾರ ಜೈಲಿನಲ್ಲಿರುವ ಅಕ್ಕನಿಗೆ ಮಾತ್ರೆ ಸಿಗುತ್ತಿಲ್ಲ, ಏನು ಮಾಡಲಿ?

ಅಕ್ಕನಿಗೆ ನಿದ್ದೆಯಿಲ್ಲ, ಭೇಟಿಗೆ ಹೋದರೂ ಮಾತಾಡುವುದಿಲ್ಲ ಅಂದಿರಲ್ಲ, ಖಿನ್ನತೆಯ ಮಾತ್ರೆ ದಿಢೀರನೆ ನಿಂತಿದ್ದೇ ಅದಕ್ಕೆ ಕಾರಣ ಇರಬಹುದು. ಹಳೆ ಚೀಟಿ ಜೊತೆಗಿಲ್ಲದಿದ್ದರೆ ಜೈಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಮಕ್ಕಳನ್ನು ಬಿಟ್ಟು ಬಂದ ಸಂಕಟವೂ ಸೇರಿರಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು.

ಮೊದಲು ಹಳೆ ಡಾಕ್ಟರ ಹತ್ತಿರ ಕಾಯಿಲೆ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಕೊನೆಗೆ ತೋರಿಸಿದ ತಾರೀಖು ಎಲ್ಲಾ ಬರೆಸಿಕೊಳ್ಳಿ. ಭೇಟಿಯಲ್ಲಿ ಮಾತ್ರೆಯನ್ನೇ ಕೈಗೆ ಕೊಡಲು ಹೋಗಬೇಡಿ. ಚೀಟಿಯ ಜೆರಾಕ್ಸ್ ಲಗತ್ತಿಸಿ ಜೈಲು ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಕೈದಿಗಳ ಬಗ್ಗೆಯೇ ಇದೆ, ಅದನ್ನು ಅರ್ಜಿಯಲ್ಲಿ ನಮೂದಿಸಿ. ನಿಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ನಾಳೆ ಕೋರ್ಟಿನಲ್ಲಿ ತೋರಿಸಲು ಏನೂ ಇರುವುದಿಲ್ಲ, ಅಲ್ವಾ?

ನಾಲ್ಕೈದು ದಿನದಲ್ಲಿ ಏನೂ ಆಗದಿದ್ದರೆ ಆ ಪ್ರತಿ ಇಟ್ಟು ವಕೀಲರಿಂದ ಕೋರ್ಟಿಗೆ ಅರ್ಜಿ ಹಾಕಿಸಿ, ನಿಮ್ಹಾನ್ಸ್‌ನಲ್ಲಿ ತೋರಿಸಲು ಆದೇಶ ಕೇಳಿ. ವಕೀಲರಿಲ್ಲವೇ? ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಜೈಲಿನಲ್ಲಿರುವವರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಸಾಯುವ ಮಾತಾಡಿದ್ದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅಲ್ಲೇ ಡ್ಯೂಟಿಯಲ್ಲಿರುವ ಅಧಿಕಾರಿಗೆ ಹೇಳಿ, ಬರೆದೂ ಕೊಡಿ, ಹೊರಗೆ ಬಂದ ಕೂಡಲೇ ವಕೀಲರಿಗೆ ತಿಳಿಸಿ.