ಆಕ್ಸಿಮೀಟರ್ 99 ತೋರಿಸಿದ ದಿನ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ವಿಜಯಪುರದಿಂದ ಬಂದ ನನ್ನ ತಾಯಿ (71 ವರ್ಷ) ಡಿಸೆಂಬರಿನಿಂದ ನಮ್ಮ ಜೊತೆಗಿದ್ದಾರೆ. ರಕ್ತದ ಆಮ್ಲಜನಕ ಅಳೆಯಲು ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಅವರಿಗೆ ನಸುಕಿನಲ್ಲಿ 88, 89 ತೋರಿಸುತ್ತದೆ, ಸಂಜೆ 97. ರಂಗೋಲಿ ಹಾಕಿ ಒಳಗೆ ಬಂದ ಕೂಡಲೇ ನೋಡುತ್ತೇವೆ. ಎರಡು ಸಲ ಆಸ್ಪತ್ರೆಗೆ ಓಡಿದೆವು, ಏನೂ ಇಲ್ಲ ಎಂದರು. ಕಳೆದ ವಾರ ನನ್ನ ಹೆಂಡತಿ ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ತಲೆ ಸಿಡಿದು ವಾಂತಿ ಮಾಡಿಕೊಂಡಳು. ಬಚ್ಚಲಲ್ಲಿ ಗ್ಯಾಸ್ ಗೀಜರ್ ಇದೆ, ಚಳಿಯೆಂದು ಕಿಟಕಿ ಮುಚ್ಚಿದ್ದೆವು. ಆಕ್ಸಿಮೀಟರ್ 99 ತೋರಿಸಿದ್ದರಿಂದ ಮಾತ್ರೆ ಕೊಟ್ಟು ಮಲಗಿಸಿದೆ. ಈ ಯಂತ್ರವನ್ನು ಎಷ್ಟು ನಂಬಬೇಕು?
– ಓದುಗರೊಬ್ಬರು, ಕೋಥರೂಡ, ಪುಣೆ

ಉತ್ತರ: ತಾಯಿಯವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಎದ್ದು ಹೋಗಿ ಆ ಗೀಜರ್ ಬಂದ್ ಮಾಡಿ. ಅದನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಹಾಕಿಸುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಪುಣೆಯಲ್ಲಿ ಚಳಿ ಶುರುವಾಯಿತೆಂದರೆ ನನಗೆ ಭಯ ಈ ಕಿಟಕಿ ಮುಚ್ಚಿದ ಬಚ್ಚಲುಗಳದ್ದೇ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯುವ ನಾತ ಬೇಕೆಂದೇ ಬೆರೆಸಿದ್ದು. ಉರಿದ ಮೇಲೆ ಅದು ನಿಮ್ಮನ್ನು ಎಚ್ಚರಿಸುವುದಿಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಹಿಡಿದುಬಿಡುತ್ತದೆ.

ನಿಮ್ಮ ಆಕ್ಸಿಮೀಟರ್ ಬೆರಳಿನೊಳಗೆ ಎರಡೇ ಬೆಳಕು ಹಾಯಿಸುತ್ತದೆ: ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಯಾವುದನ್ನು ರಕ್ತ ಎಷ್ಟು ಹೀರಿಕೊಂಡಿತು ಎಂಬ ಲೆಕ್ಕದಿಂದ ಅಂಕಿ ಬರುತ್ತದೆ. ಆ ಕೆಂಪು ಬೆಳಕಿಗೆ ವಿಷ ಹಿಡಿದ ಹಿಮೋಗ್ಲೋಬಿನ್ನೂ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಮನುಷ್ಯ ಕುಸಿದು ಬಿದ್ದಿದ್ದರೂ ಅದು 99 ಎನ್ನಬಹುದು. ಯಂತ್ರ ಕೆಟ್ಟಿರಲಿಲ್ಲ, ಆ ಪ್ರಶ್ನೆಗೆ ಉತ್ತರ ಅದರ ಬಳಿ ಇರಲೇ ಇಲ್ಲ.

ಇನ್ನೊಮ್ಮೆ ಹೀಗಾದರೆ ಬೆರಳು ಹಿಡಿದು ಕೂರಬೇಡಿ. ಹೊರಗಿನ ಗಾಳಿಗೆ ಕರೆತನ್ನಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಬಾಯಿ ಬಿಟ್ಟು ‘ಗ್ಯಾಸ್ ಗೀಜರ್’ ಎಂದು ಹೇಳಿ. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಈ ಅನಿಲ ಅಂಟಿಕೊಂಡ ಹಿಮೋಗ್ಲೋಬಿನ್, ಪರೀಕ್ಷಿಸಿದರೆ ಮಾತ್ರ ವಿಷ ಗೊತ್ತಾಗುತ್ತದೆ. ವಾರ ಕಳೆದಿರುವುದರಿಂದ ಈಗ ಆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆದರೂ ನಿಮ್ಮ ಹೆಂಡತಿಯನ್ನು ಈ ವಾರವೇ ವೈದ್ಯರಿಗೆ ತೋರಿಸಿ. ಮರೆವು, ನಡೆಯುವಾಗ ತೂರಾಟ ಕೆಲವರಲ್ಲಿ ವಾರಗಳ ನಂತರ ಕಾಣಿಸಿಕೊಳ್ಳುತ್ತವೆ.

ಇನ್ನು ತಾಯಿಯವರು. ಜನವರಿಯ ನಸುಕಿನಲ್ಲಿ ಹೊಸ್ತಿಲಿಗೆ ತಣ್ಣೀರು ಹಾಕಿ, ಸಾರಿಸಿ, ರಂಗೋಲಿ ಎಳೆದು ಬಂದ ಬೆರಳನ್ನು ನೀವು ಯಂತ್ರಕ್ಕೆ ಕೊಡುತ್ತಿದ್ದೀರಿ. ಒಮ್ಮೆ ಆ ಬೆರಳನ್ನು ನಿಮ್ಮ ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಾದ ಬೆರಳಲ್ಲಿ ರಕ್ತದ ಮಿಡಿತ ಕ್ಷೀಣಿಸುತ್ತದೆ, ಮಿಡಿತ ಸಿಗದ ಯಂತ್ರ ತಪ್ಪು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಐದು ನಿಮಿಷ ಸುಮ್ಮನೆ ಕೂರಿಸಿ, ಅಂಗೈಯನ್ನು ಎದೆಯ ಮಟ್ಟಕ್ಕೆ ತಂದು ಅಲುಗಾಡದಂತೆ ಇರಿಸಿ. ಅಂಕಿ ನಿಲ್ಲಲು ಒಂದು ನಿಮಿಷ ಕೊಡಿ. ಉಗುರುಬಣ್ಣ, ಗಾಢ ಮದರಂಗಿ ಇದ್ದರೆ ಬೇರೆ ಬೆರಳು. ನಾನೇ ನಿತ್ಯ ಮಾಡುವ ಒಂದು ಪರೀಕ್ಷೆ ಇದೆ: ಯಂತ್ರ ತೋರಿಸುವ ನಾಡಿಯನ್ನು ಮಣಿಕಟ್ಟಿನಲ್ಲಿ ಬೆರಳಿಟ್ಟು ಎಣಿಸಿದ್ದಕ್ಕೆ ಹೋಲಿಸಿ. ಯಂತ್ರ 118 ಎಂದು, ನಿಮ್ಮ ಎಣಿಕೆ 76 ಬಂದರೆ ಆಮ್ಲಜನಕದ ಅಂಕಿಯನ್ನೂ ಬಿಟ್ಟುಬಿಡಿ.

ಎಷ್ಟು ಸರಿಯಾಗಿ ಹಿಡಿದರೂ ಯಂತ್ರದ 90 ಎಂದರೆ ನಿಜವಾಗಿ 86ರಿಂದ 94ರ ನಡುವೆ ಎಲ್ಲಿಯಾದರೂ ಇರಬಹುದು. ಕಪ್ಪು ಮೈಬಣ್ಣದವರಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು. ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತದಲ್ಲಿ ಆಮ್ಲಜನಕ ಇಳಿದದ್ದನ್ನು ಯಂತ್ರ ಹಿಡಿಯದೆ ಹೋದದ್ದು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ನಮ್ಮ ಮೈಬಣ್ಣದವರೂ ಇದನ್ನು ನೆನಪಿಡಬೇಕು.

ಬೆಚ್ಚಗಿನ ಕೈಯಲ್ಲಿ, ಎರಡು ಬೆರಳಲ್ಲಿ ನೋಡಿದರೂ 94ಕ್ಕಿಂತ ಕಡಿಮೆ ಬಂದರೆ ವೈದ್ಯರಿಗೆ ಫೋನ್ ಮಾಡಿ. 90ಕ್ಕಿಂತ ಕೆಳಗಾದರೆ ಆಸ್ಪತ್ರೆಗೆ ಹೊರಡಿ. ತುಟಿ ನೀಲಿಯಾದರೆ, ಒಂದು ವಾಕ್ಯ ಮುಗಿಸಲು ನಡುವೆ ಉಸಿರು ಎಳೆಯಬೇಕಾದರೆ, ಮಾತು ಅಸಂಬದ್ಧವಾದರೆ ಅಂಕಿ ಏನೇ ಇರಲಿ, ಹೊರಡಿ. 2021ರಲ್ಲಿ ನನ್ನ ಎದುರು ಕುಳಿತ ಅಜ್ಜಿಯೊಬ್ಬರ ಬೆರಳು 96 ತೋರಿಸುತ್ತಿತ್ತು. ಸೆರಗಿನ ಏರಿಳಿತ ನೋಡುತ್ತ ಗಡಿಯಾರ ಹಿಡಿದು ಎಣಿಸಿದೆ, ನಿಮಿಷಕ್ಕೆ 34 ಉಸಿರು. ವಿಶ್ರಾಂತಿಯಲ್ಲಿ ಇರಬೇಕಾದದ್ದು 12ರಿಂದ 20. ಆ ಹೊತ್ತೇ ಅವರನ್ನು ದೊಡ್ಡಾಸ್ಪತ್ರೆಗೆ ಕಳುಹಿಸಿದೆ.

ಒಂದು ಮಾತು ಬಾಕಿ ಇದೆ. ತಾಯಿಯವರು ಊರಲ್ಲಿ ಕಟ್ಟಿಗೆ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತವರೇ? ಹಾಗಿದ್ದರೆ ಒಮ್ಮೆ ಸ್ಪೈರೊಮೆಟ್ರಿ (ಕೊಳವೆಯಲ್ಲಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಿ. ಹೊಗೆಯಿಂದ ಶ್ವಾಸಕೋಶ ಸವೆದವರಲ್ಲಿ ಕೆಲವರಿಗೆ ವೈದ್ಯರು 88ರಿಂದ 92 ಸಾಕು ಎಂದೇ ಗುರಿ ಇಡುತ್ತಾರೆ. ಅಂಥವರಿಗೆ ಮನೆಯಲ್ಲಿ ನಾವೇ ಆಮ್ಲಜನಕ ಏರಿಸುವುದು ಅಪಾಯ. ನಾಳೆಯಿಂದ ಏಳು ದಿನ, ಅವರು ಕಾಫಿ ಕುಡಿದು ಬೆಚ್ಚಗಾದ ಮೇಲೆ, ಉಸಿರಿನ ಎಣಿಕೆ ಮತ್ತು ಅಂಕಿ ಎರಡನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ವೈದ್ಯರ ಬಳಿ ಹೋಗುವಾಗ ಆ ಹಾಳೆ ಕೈಯಲ್ಲಿರಲಿ.