ಕ್ಯಾಪೆಕ್ಸ್ ಕಾರ್ಯಾಚರಣೆಯ ನಗದನ್ನು ಮೀರಿದರೆ?

ನಿಮ್ಮ ಸಿಮೆಂಟ್ ಕಂಪನಿಗೆ ಕಾರ್ಯಾಚರಣೆಯಿಂದ 400 ಕೋಟಿ ಬಂದು, ಕ್ಯಾಪೆಕ್ಸ್‌ಗೆ (ಯಂತ್ರ, ಕಟ್ಟಡದಂಥ ದೀರ್ಘಕಾಲದ ಆಸ್ತಿಗಳ ಖರ್ಚಿಗೆ) 520 ಕೋಟಿ ಹೋಗಿದೆ, ಷೇರು ಮಾರಲೇ ಎಂದು ಕೇಳಿದ್ದೀರಿ. ಒಂದು ವರ್ಷದ ಅಂಕಿ ನೋಡಿ ಮಾರಬೇಡಿ. ಹೊಸ ಘಟಕ ಕಟ್ಟುವಾಗ ಹಣ ಮೊದಲು ಹೋಗುತ್ತದೆ, ಮಾರಾಟ ಆಮೇಲೆ ಬರುತ್ತದೆ. ಐದು ವರ್ಷಗಳ ಎರಡೂ ಮೊತ್ತಗಳನ್ನು ಬೇರೆ ಬೇರೆ ಕೂಡಿಸಿ ಹೋಲಿಸಿ.

ಕ್ಯಾಪೆಕ್ಸ್ ಅಂಕಿಯನ್ನು ನಗದು ಹರಿವಿನ ಪಟ್ಟಿಯ ಹೂಡಿಕೆ ಭಾಗದಿಂದ ತೆಗೆದುಕೊಳ್ಳಿ: ಯಂತ್ರ, ಕಟ್ಟಡ, ಅಮೂರ್ತ ಆಸ್ತಿಗಳ (ಸಾಫ್ಟ್‌ವೇರ್, ಪೇಟೆಂಟ್‌ನಂಥವು) ಖರೀದಿ ಮಾತ್ರ. ಅದೇ ಭಾಗದಲ್ಲಿರುವ ಮ್ಯೂಚುವಲ್ ಫಂಡ್, ಎಫ್‌ಡಿ ಮೊತ್ತಗಳನ್ನು ಸೇರಿಸಬೇಡಿ.

ಬಹಳಷ್ಟು ಜನ ಎಡವುವುದು ಬಡ್ಡಿಯಲ್ಲಿ. ನಗದು ಹರಿವಿನ ಪಟ್ಟಿಗೆ ಇರುವ ಭಾರತೀಯ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 7ರ ಪ್ರಕಾರ ಬ್ಯಾಂಕೇತರ ಕಂಪನಿಗಳು ಕಟ್ಟಿದ ಬಡ್ಡಿ ಹಣಕಾಸು ಭಾಗಕ್ಕೆ ಹೋಗುತ್ತದೆ. ಗುತ್ತಿಗೆ (ಲೀಸ್) ಕಂತಿನ ಅಸಲೂ ಅಲ್ಲಿಗೇ. ಅಂದರೆ ಕಾರ್ಯಾಚರಣೆಯ ಅಂಕಿಯಲ್ಲಿ ಇವೆರಡೂ ಕಳೆದಿರುವುದಿಲ್ಲ. ಬಡ್ಡಿ 90 ಕೋಟಿ, ಗುತ್ತಿಗೆ ಅಸಲು 20 ಕೋಟಿ ಇದ್ದರೆ ನಿಮ್ಮ 400 ಕೋಟಿಯಲ್ಲಿ ಕೈಗೆ ಉಳಿಯುವುದು 290 ಕೋಟಿ. ಕೊರತೆ 120 ಅಲ್ಲ, 230 ಕೋಟಿ! ಅದಕ್ಕೆ ಸಾಲ ತಂದರೋ, ಹಳೆಯ ಉಳಿತಾಯ ಬಳಸಿದರೋ ನೋಡಿ.

ಆ 400 ಕೋಟಿಯೂ ಸಾಮಗ್ರಿ ಪೂರೈಸಿದವರ ಬಾಕಿ ಕಟ್ಟದೆ ಹಿಗ್ಗಿದ್ದಿರಬಹುದು. ದುಡಿಮೆ ಬಂಡವಾಳದ (ದಾಸ್ತಾನು, ಬರಬೇಕಾದ ಮತ್ತು ಕೊಡಬೇಕಾದ ಬಾಕಿಗಳ) ಬದಲಾವಣೆಗೆ ಮುಂಚಿನ ಸಾಲನ್ನೂ ಓದಿ.

ಕೊನೆಗೆ, ನಿರ್ಮಾಣ ಹಂತದ ಕಾಮಗಾರಿಯ ವಯಸ್ಸಿನ ಪಟ್ಟಿ ನೋಡಿ: ಮುಗಿಯದ ಕಾಮಗಾರಿಗಳಲ್ಲಿ ಎಷ್ಟು ಹಣ ಎಷ್ಟು ವರ್ಷದಿಂದ ಕುಳಿತಿದೆ ಎಂಬ ಲೆಕ್ಕ. 2021ರಿಂದ ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ಅದು ಕಡ್ಡಾಯ. ‘3 ವರ್ಷಕ್ಕಿಂತ ಹೆಚ್ಚು’ ಅಂಕಣದಲ್ಲಿ ದೊಡ್ಡ ಮೊತ್ತ ಕುಳಿತಿದ್ದರೆ ನಿಮ್ಮ ಆತಂಕಕ್ಕೆ ಕಾರಣವಿದೆ.