ಓದುಗರ ಪ್ರಶ್ನೆ, ಬಲ್ಲವರ ಉತ್ತರ: ರಂಗದ ಮೇಲೆ ಡಾರ್ವಿನ್

ನಂಬಿಕೆ ಮತ್ತು ಸಂಶೋಧನೆಯ ನಡುವೆ ಸಿಕ್ಕಿಕೊಂಡ ವಿಜ್ಞಾನಿಗಳ ಕುರಿತ ನಾಟಕ, ಚಿತ್ರಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಚಾರ್ಲ್ಸ್ ಡಾರ್ವಿನ್‌ಗೆ ಸಂಬಂಧಿಸಿದವು. ಈ ಸಲ ಅವಕ್ಕೆ ಮಾತ್ರ ಉತ್ತರ.

ನಮ್ಮ ಹವ್ಯಾಸಿ ತಂಡ ಡಾರ್ವಿನ್ ಬದುಕಿನ ಮೇಲೆ ನಾಟಕ ಕಟ್ಟುತ್ತಿದೆ. ಮಗಳು ಆ್ಯನಿ ತೀರಿಕೊಂಡ ರಾತ್ರಿ ಅವನು ದೇವರ ಮೇಲಿನ ನಂಬಿಕೆ ಕಳೆದುಕೊಂಡು, ಆ ಸಿಟ್ಟಿನಲ್ಲೇ ವಿಕಾಸ ಸಿದ್ಧಾಂತದ ಪುಸ್ತಕ ‘ಆನ್ ದಿ ಒರಿಜಿನ್ ಆಫ್ ಸ್ಪೀಷೀಸ್’ (ಜೀವಿಜಾತಿಗಳ ಉಗಮ) ಬರೆಯಲು ಕೂರುತ್ತಾನೆ. ಹೀಗೆ ತೋರಿಸಬಹುದೇ?

ಬೇಡ. ದೃಶ್ಯ ರಂಗದ ಮೇಲೆ ಗೆಲ್ಲಬಹುದು, ಆದರೆ ಇಸವಿಗಳು ಅದಕ್ಕೆ ಒಪ್ಪುವುದಿಲ್ಲ. ಜೀವಿಗಳು ಬದಲಾಗುತ್ತವೆ ಎಂಬ ವಿಚಾರಕ್ಕೆ ಡಾರ್ವಿನ್ ಟಿಪ್ಪಣಿ ಪುಸ್ತಕ ತೆರೆದದ್ದು 1837ರ ಜುಲೈನಲ್ಲಿ. 1838ರ ಸೆಪ್ಟೆಂಬರ್ ಕೊನೆಗೆ, ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುತ್ತದೆ ಎಂದ ಅರ್ಥಶಾಸ್ತ್ರಜ್ಞ ಮಾಲ್ಥಸ್‌ನನ್ನು ಓದಿದ. 1842ರಲ್ಲಿ 35 ಪುಟಗಳ ಪೆನ್ಸಿಲ್ ಕರಡು, 1844ರಲ್ಲಿ ಸುಮಾರು 230 ಪುಟಗಳ ಪ್ರಬಂಧ ಸಿದ್ಧವಾಯಿತು. ಆ್ಯನಿ ಹುಟ್ಟಿದ್ದು 1841ರ ಮಾರ್ಚ್ 2ರಂದು. ಅಂದರೆ ಮಗುವಿಗೆ ನಾಲ್ಕು ವರ್ಷ ತುಂಬುವ ಮೊದಲೇ ಸಿದ್ಧಾಂತದ ಮೈಕಟ್ಟು ನಿಂತಿತ್ತು.

ನಂಬಿಕೆಯೂ ಒಂದೇ ರಾತ್ರಿ ಹೋಗಲಿಲ್ಲ. ಅಪನಂಬಿಕೆ ತೀರಾ ನಿಧಾನವಾಗಿ ಒಳಗೆ ಬಂತು, ಅದರಿಂದ ಸಂಕಟವೇನೂ ಆಗಲಿಲ್ಲ ಎಂದು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಂಬದವರಿಗೆಲ್ಲ ಶಾಶ್ವತ ನರಕ ಎಂಬ ಬೋಧನೆ ಅವನಿಗೆ ಅಸಹ್ಯವಾಗಿತ್ತು; ಆ ಲೆಕ್ಕದಲ್ಲಿ ಅವನ ತಂದೆಯೂ ನರಕಕ್ಕೇ ಹೋಗಬೇಕಿತ್ತು. ತಂದೆ ತೀರಿಕೊಂಡದ್ದು 1848ರಲ್ಲಿ. ಅಳಿದುಳಿದ ನಂಬಿಕೆಯನ್ನು ಆ್ಯನಿಯ ಸಾವು ಅಲುಗಿಸಿತು ಎಂದು ಹಲವು ಜೀವನಚರಿತ್ರಕಾರರು ಹೇಳುತ್ತಾರೆ. ಅದು ಅವರ ಊಹೆ, ಅವನ ಮಾತಲ್ಲ.

ಹಾಗೆಂದು ಆ ಸಾವನ್ನು ಬಿಟ್ಟುಬಿಡಬೇಡಿ. ನಿಜವಾಗಿ ನಡೆದದ್ದರಲ್ಲೇ ನಿಮಗೆ ಬೇಕಾದ ನಾಟಕವಿದೆ, ಅದು ಅಂಚೆಯಲ್ಲಿದೆ. 1851ರ ಮಾರ್ಚ್‌ನಲ್ಲಿ ಡಾರ್ವಿನ್ ಮಗಳನ್ನು ಮಾಲ್ವರ್ನ್ ಊರಿಗೆ, ಡಾಕ್ಟರ್ ಗಲ್ಲಿಯ ಜಲಚಿಕಿತ್ಸೆಗೆ ಕರೆದೊಯ್ದು ಬಿಟ್ಟು ಬಂದ. ರೋಗ ಏರಿದ ಸುದ್ದಿ ತಿಳಿದು ಏಪ್ರಿಲ್ 17ರಂದು ಮತ್ತೆ ಅಲ್ಲಿಗೆ ಓಡಿದ. ಹೆಂಡತಿ ಎಮ್ಮಾ ತುಂಬು ಗರ್ಭಿಣಿ. ಕೆಂಟ್ ಸೀಮೆಯ ಡೌನ್ ಹಳ್ಳಿಯ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಅವನು ದಿನವೂ ಬರೆದ, ಕಾಗದ ಮರುದಿನ ತಲುಪುತ್ತಿತ್ತು. ಮಗು ಚೇತರಿಸಿಕೊಂಡಳು ಎಂಬ ಸಾಲನ್ನು ಎಮ್ಮಾ ಓದುವ ಹೊತ್ತಿಗೆ ಮಗು ಮತ್ತೆ ಇಳಿದಿರುತ್ತಿದ್ದಳು. ಏಪ್ರಿಲ್ 23ರಂದು ಆ್ಯನಿ ತೀರಿಕೊಂಡಳು. ಡಾರ್ವಿನ್ ಮರುದಿನವೇ ಎಮ್ಮಾ ಬಳಿಗೆ ಹೊರಟ, ಅಂತ್ಯಕ್ರಿಯೆಗೆ ನಿಲ್ಲಲಿಲ್ಲ.

ರಂಗವನ್ನು ಎರಡು ಭಾಗ ಮಾಡಿ: ಒಂದು ಮಾಲ್ವರ್ನ್ ಕೋಣೆ, ಇನ್ನೊಂದು ಡೌನ್ ಮನೆ. ಎಮ್ಮಾ ಓದುವುದು ಯಾವಾಗಲೂ ಹಿಂದಿನ ದಿನದ ಕಾಗದವನ್ನೇ ಆಗಿರಲಿ. ಡಾರ್ವಿನ್ ಬರೆಯುತ್ತಾ ನುಡಿದ ಸಾಲನ್ನು ಆಕೆ ಅದೇ ಕ್ಷಣಕ್ಕೆ ಎತ್ತಿಕೊಂಡರೆ ದೃಶ್ಯ ಸತ್ತಿತೆಂದೇ ತಿಳಿಯಿರಿ, ಏಕೆಂದರೆ ಆ ಒಂದು ದಿನದ ಅಂತರದಲ್ಲಿ ನಡೆದದ್ದು ಪ್ರೇಕ್ಷಕರಿಗೆ ಗೊತ್ತಿದ್ದು ಆಕೆಗೆ ಗೊತ್ತಿಲ್ಲದಿರುವುದೇ ಇಲ್ಲಿನ ಬಿಗಿ. ಎಡೆಯಲ್ಲಿ ತಂತಿ ಸಂದೇಶವೂ ಹೋಗಿತ್ತು, ಅದನ್ನು ಒಂದೇ ಸಲ ಬಳಸಿ.

ಹೆಂಡತಿಗೂ ಚರ್ಚಿಗೂ ಹೆದರಿ ಇಪ್ಪತ್ತು ವರ್ಷ ಹಸ್ತಪ್ರತಿಯನ್ನು ಬಚ್ಚಿಟ್ಟಿದ್ದ ಎನ್ನುತ್ತಾರಲ್ಲ?

ಬಚ್ಚಿಟ್ಟಿರಲಿಲ್ಲ. 1844ರ ಪ್ರಬಂಧವನ್ನು ಎಮ್ಮಾ ಓದಿದ್ದಳು; ಕಣ್ಣಿನ ರಚನೆ ಹಂತ ಹಂತವಾಗಿ ಬಂದಿರಬಹುದು ಎಂಬಲ್ಲಿ, ಇದು ದೊಡ್ಡ ಊಹೆ ಎಂದು ಅಂಚಿನಲ್ಲಿ ಬರೆದಿದ್ದಳು. ತಾನು ಹಠಾತ್ತನೆ ಸತ್ತರೆ 400 ಪೌಂಡ್ ಖರ್ಚು ಮಾಡಿ ಅದನ್ನು ಅಚ್ಚು ಹಾಕಿಸು ಎಂದು ಅವನು ಕಾಗದ ಬರೆದಿಟ್ಟದ್ದು ಅವಳಿಗೇ.

ಅಳುಕು ಇತ್ತು, ನಿಜ. ಜೀವಿಜಾತಿಗಳು ಸ್ಥಿರವಲ್ಲ ಎಂದು ಸಸ್ಯವಿಜ್ಞಾನಿ ಗೆಳೆಯ ಹುಕರ್‌ಗೆ ತಿಳಿಸುವಾಗ, ಇದು ಕೊಲೆಯನ್ನು ಒಪ್ಪಿಕೊಂಡಂತಿದೆ ಎಂದ. ಅದೇ 1844ರಲ್ಲಿ ಬೇರೊಬ್ಬರು ಹೆಸರು ಹೇಳದೆ ಪ್ರಕಟಿಸಿದ ವಿಕಾಸದ ಪುಸ್ತಕವನ್ನು ಪಾದ್ರಿಗಳಷ್ಟೇ ಕಟುವಾಗಿ ವಿಜ್ಞಾನಿಗಳೂ ಹರಿದು ಹಾಕಿದರು. ಪುರಾವೆ ತೆಳುವಾದರೆ ಏನಾಗುತ್ತದೆಂದು ಡಾರ್ವಿನ್ ಕಂಡ. 1846ರಿಂದ 1854ರವರೆಗೆ ಎಂಟು ವರ್ಷ, ಬಂಡೆಗೂ ಹಡಗಿನ ತಳಕ್ಕೂ ಅಂಟಿ ಬದುಕುವ ಬಾರ್ನಕಲ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳಿ ನೋಡಿದ. ಒಂದೇ ಜಾತಿಯೊಳಗೆ ಎಷ್ಟು ವ್ಯತ್ಯಾಸ ಇರಬಲ್ಲದು ಎಂಬುದು ಕೈಗೆ ಹತ್ತಿದ್ದು ಅಲ್ಲಿ. ಆ ವರ್ಷಗಳನ್ನು ಬರೀ ಹೆದರಿಕೆ ಎಂದು ತೋರಿಸುವುದು ಅವನ ದುಡಿಮೆಗೆ ಮಾಡುವ ಅನ್ಯಾಯ.

ಸಂಶೋಧನೆಯನ್ನು ರಂಗದ ಮೇಲೆ ಹೇಗೆ ತೋರಿಸುವುದು? ನಮ್ಮ ಕರಡಿನಲ್ಲಿ ಅವನು ಬರೀ ಯೋಚಿಸುತ್ತಾ ಓಡಾಡುತ್ತಾನೆ.

ಕೈಗೆ ಕೆಲಸ ಕೊಡಿ. ಉಪ್ಪುನೀರಿನ ಬೀಜಗಳಿಗಿಂತ ಒಳ್ಳೆಯ ಕೆಲಸ ಸಿಗಲಾರದು, ಏಕೆಂದರೆ ಆ ಸೀಸೆಗಳಲ್ಲಿ ನಂಬಿಕೆಯ ಪ್ರಶ್ನೆಯೇ ಕೂತಿದೆ. ನಡುಗಡಲಿನ ದ್ವೀಪಕ್ಕೆ ಗಿಡ ಹೇಗೆ ಬಂತು? ದೇವರು ಅಲ್ಲೇ ಬೇರೆಯಾಗಿ ಸೃಷ್ಟಿಸಿದನೇ, ಇಲ್ಲವೇ ಬೀಜ ತೇಲಿ ಬಂತೇ? ತೇಲಿ ಬರಬೇಕಾದರೆ ಬೀಜ ಸಮುದ್ರದಲ್ಲಿ ಸಾಯದೆ ಉಳಿಯಬೇಕು. 1855ರಲ್ಲಿ ಡಾರ್ವಿನ್ ಅದನ್ನೇ ಪರೀಕ್ಷಿಸಿದ. 87 ಬಗೆಯ ಬೀಜಗಳಲ್ಲಿ 64 ಬಗೆ 28 ದಿನ ನೆನೆದ ಮೇಲೂ ಮೊಳೆತವು. ಕೆಲವು 137 ದಿನ ತಾಳಿದವು. ಬೀಜ ಉಳಿಯದೆಂದು ಹುಕರ್ ಅನುಮಾನಿಸಿದ್ದ; ಈ ಪಂದ್ಯದಲ್ಲಿ ನೀವು ಹುಕರ್ ಅವರನ್ನು ಸೋಲಿಸುತ್ತೀರಾ ಎಂದು ಮಕ್ಕಳು ಕೇಳುತ್ತಿದ್ದರಂತೆ.

ಆಮೇಲೆ ತೊಡಕು ಎದುರಾಯಿತು: ಬದುಕುವ ಬೀಜಗಳಲ್ಲಿ ಹೆಚ್ಚಿನವು ಮುಳುಗುತ್ತಿದ್ದವು. ಮುಳುಗಿದ ಬೀಜ ದ್ವೀಪ ಸೇರದು. ಆಗ ಹಣ್ಣು ಬಿಟ್ಟ ಗಿಡಗಳನ್ನು ಒಣಗಿಸಿ ತೇಲಿಬಿಟ್ಟ; 94ರಲ್ಲಿ 18 ಬಗೆ 28 ದಿನಕ್ಕಿಂತ ಹೆಚ್ಚು ತೇಲಿದವು. ಹಸಿ ಹೇಜಲ್ ಕಾಯಿ ಕೂಡಲೇ ಮುಳುಗಿತು, ಒಣಗಿಸಿದ್ದು 90 ದಿನ ತೇಲಿ ಆಮೇಲೆ ಮೊಳೆಯಿತು. ಎರಡೂ ಫಲಿತಾಂಶ ಕೂಡಿಸಿ ನೂರರಲ್ಲಿ 14 ಬಗೆಯ ಬೀಜಗಳು 28 ದಿನ ತೇಲಿಯೂ ಬದುಕಬಲ್ಲವೆಂದು ಅಂದಾಜಿಸಿದ. ಅಟ್ಲಾಂಟಿಕ್ ಪ್ರವಾಹದ ಸರಾಸರಿ ವೇಗ ದಿನಕ್ಕೆ 33 ಮೈಲಿ, ಅಂದರೆ 28 ದಿನಕ್ಕೆ 924 ಮೈಲಿ ದೂರ. ಈ ಗುಣಾಕಾರವನ್ನು ನಟ ಗಟ್ಟಿಯಾಗಿ ಮಾಡಲಿ. ಸೋಲು, ಹೊಸ ಉಪಾಯ, ಗೆಲುವು ಮೂರೂ ನಾಲ್ಕು ನಿಮಿಷದಲ್ಲಿ ಮುಗಿಯುತ್ತವೆ.

ಸೀಸೆಗಳು ನಿಜವಾಗಿರಲಿ. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿದರೆ ಹೆಚ್ಚುಕಡಿಮೆ ಸಮುದ್ರದ ಉಪ್ಪಿನಂಶ ಬರುತ್ತದೆ. ಮೂಲಂಗಿ, ಎಲೆಕೋಸು, ಕ್ಯಾರೆಟ್, ಈರುಳ್ಳಿ ಬೀಜಗಳನ್ನು ಬೇರೆ ಬೇರೆ ಸೀಸೆಗಳಲ್ಲಿ ಹಾಕಿ ಪ್ರದರ್ಶನಕ್ಕೆ ಐದು ವಾರ ಮೊದಲೇ ಶುರು ಮಾಡಿ. ವಾರಕ್ಕೊಮ್ಮೆ ಹತ್ತು ಬೀಜ ತೆಗೆದು, ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಒದ್ದೆ ಬಟ್ಟೆಯ ಮೇಲೆ ಹರಡಿ. ತೊಳೆಯದೆ ಹರಡಿದರೆ ಅಂಟಿಕೊಂಡ ಉಪ್ಪು ಬೀಜಕ್ಕೆ ನೀರು ಹೀರಲು ಬಿಡುವುದಿಲ್ಲ, ಬದುಕಿದ್ದ ಬೀಜವೂ ಸತ್ತಂತೆ ಕಾಣುತ್ತದೆ. ಬೀಜ ಕಿಕ್ಕಿರಿದರೆ ನೀರು ಕೊಳೆತು ನಾರುತ್ತದೆ. ಆಗ ನೀರು ಬದಲಿಸಿ.

ಎಮ್ಮಾ ಪಾತ್ರ ಬರೀ ಜಪಮಾಡುವ, ಗಂಡನನ್ನು ತಡೆಯುವ ಹೆಂಗಸಾಗಿಬಿಟ್ಟಿದೆ. ಸರಿಪಡಿಸುವುದು ಹೇಗೆ?

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಇಂಥ ಎಷ್ಟೋ ಕೃತಿಗಳು ಬೀಳುವುದು ಇಲ್ಲೇ.

ಮದುವೆಗೆ ಮುಂಚೆ ತಂದೆ ಡಾರ್ವಿನ್‌ಗೆ ಹೇಳಿದ್ದು, ಸಂಶಯಗಳನ್ನು ಹೆಂಡತಿಗೆ ತಿಳಿಸಬೇಡ ಎಂದು. ಅವನು ತಿಳಿಸಿಯೇ ಮದುವೆಯಾದ. 1839ರಲ್ಲಿ, ಮದುವೆಯಾದ ಹೊಸತರಲ್ಲಿ, ಎಮ್ಮಾ ಕಾಗದ ಬರೆದಳು: ಎಲ್ಲಕ್ಕೂ ಪುರಾವೆ ಬೇಡುವ ವಿಜ್ಞಾನದ ರೂಢಿ, ಪುರಾವೆಗೆ ನಿಲುಕದ ವಿಷಯಗಳಲ್ಲೂ ನಿಮ್ಮ ಮನಸ್ಸನ್ನು ಆಳದಿರಲಿ, ನಾವು ಎಂದೆಂದಿಗೂ ಒಬ್ಬರಿಗೊಬ್ಬರು ಸೇರಿದವರಲ್ಲ ಎನಿಸಿದರೆ ನನಗೆ ತುಂಬ ನೋವಾದೀತು ಎಂಬುದು ಅದರ ಸಾರ. ಅವಳ ಅಕ್ಕ ಫ್ಯಾನಿ 1832ರಲ್ಲೇ ತೀರಿಕೊಂಡಿದ್ದಳು. ಹೀಗಾಗಿ ಸ್ವರ್ಗವೆಂದರೆ ಅವಳಿಗೆ ಸತ್ತವರು ಮತ್ತೆ ಸಿಗುವ ಜಾಗ. ಅವಳನ್ನು ಕಾಡಿದ್ದು ಅಗಲಿಕೆಯ ಭಯ. ಆ ಕಾಗದವನ್ನು ಡಾರ್ವಿನ್ ಕೊನೆಯತನಕ ಇಟ್ಟುಕೊಂಡ. ಇದಕ್ಕೆ ಎಷ್ಟೋ ಸಲ ಮುತ್ತಿಟ್ಟು ಅತ್ತಿದ್ದೇನೆ, ನಾನು ಸತ್ತ ಮೇಲೆ ನಿನಗೆ ತಿಳಿದಿರಲಿ ಎಂದು ಅದರ ಮೇಲೆ ಬರೆದ.

ಆಕೆ ಬೆಳೆದದ್ದು ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ಕ್ರೈಸ್ತ ತ್ರಿತ್ವ ತತ್ತ್ವವನ್ನು ಒಪ್ಪದ ಯುನಿಟೇರಿಯನ್ ಮನೆತನದಲ್ಲಿ. ಆದ್ದರಿಂದ ಕೈಯಲ್ಲಿ ಜಪಮಾಲೆ ಕೊಡಲೇಬೇಡಿ, ಅದು ಬೇರೆ ಪಂಥದ್ದು. ಬದಲಿಗೆ ಬ್ಯಾಕ್‌ಗ್ಯಾಮನ್ ಹಾಸು ಕೊಡಿ. ಗಂಡ ಹೆಂಡತಿ ರಾತ್ರಿ ಆಡುತ್ತಿದ್ದರು. 1876ರಲ್ಲಿ ಅವನು ಬರೆದ ಲೆಕ್ಕ: ಅವಳು ಗೆದ್ದದ್ದು 2490 ಆಟ, ತಾನು 2795. ದೇವರ ಬಗ್ಗೆ ಅವರ ಕಷ್ಟದ ಮಾತುಗಳನ್ನು ಆಟದ ನಡುವೆ ಆಡಿಸಿ, ದಾಳ ಉರುಳುತ್ತಲೇ ಇರಲಿ.

ಉದ್ದ ಬಿಳಿ ಗಡ್ಡ ಯಾವ ದೃಶ್ಯದಿಂದ?

ಪುಸ್ತಕ ಪ್ರಕಟವಾದ 1859ರ ನವೆಂಬರ್ 24ರ ತನಕ ಗಡ್ಡ ಬೇಡ. ಕೆನ್ನೆಮೀಸೆ, ಬೋಳುತಲೆ ಸಾಕು. ಗಡ್ಡ ಬೆಳೆದದ್ದು 1860ರ ದಶಕದಲ್ಲಿ. ಆ್ಯನಿ ಸತ್ತಾಗ ಅವನಿಗೆ 42 ವರ್ಷ. ಅಲ್ಲಿ ಮುದುಕನನ್ನು ಕೂರಿಸಿದರೆ ತಂದೆಯ ಬದಲು ಅಜ್ಜ ಕಾಣುತ್ತಾನೆ.

ಸಾಯುವಾಗ ಮತ್ತೆ ಕ್ರೈಸ್ತ ನಂಬಿಕೆಗೆ ಮರಳಿದನಂತೆ. ಕೊನೆಯ ದೃಶ್ಯಕ್ಕೆ ಬಳಸಬಹುದೇ?

ಬಳಸಬೇಡಿ. ಲೇಡಿ ಹೋಪ್ ಎಂಬವರ ಆ ಕಥೆ ಅಚ್ಚಾದದ್ದು 1915ರಲ್ಲಿ, ಡಾರ್ವಿನ್ ಸತ್ತು 33 ವರ್ಷಗಳ ನಂತರ. ತಂದೆಯ ಕೊನೆಗಾಲದಲ್ಲಿ ಜೊತೆಗಿದ್ದ ಮಗಳು ಹೆನ್ರಿಯೆಟಾ 1922ರಲ್ಲಿ ಅದನ್ನು ಸಾರಾಸಗಟಾಗಿ ಅಲ್ಲಗಳೆದಳು. ನಾಸ್ತಿಕನೆಂದು ಘೋಷಿಸಿಕೊಳ್ಳುವ ದೃಶ್ಯವೂ ಬೇಡ. ದೇವರಿಲ್ಲ ಎನ್ನುವ ಅರ್ಥದಲ್ಲಿ ತಾನೆಂದೂ ನಾಸ್ತಿಕನಾಗಿರಲಿಲ್ಲ, ಅಜ್ಞೇಯತಾವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವ) ಎಂದರೆ ಸರಿ ಹೋದೀತು ಎಂದು 1879ರಲ್ಲಿ ಅವನು ಬರೆದಿದ್ದ.

ಆಕ್ಸ್‌ಫರ್ಡ್ ವಾಗ್ವಾದವನ್ನು ಕ್ಲೈಮ್ಯಾಕ್ಸ್ ಮಾಡೋಣವೇ?

1860ರ ಜೂನ್ 30ರ ವಿಕಾಸವಾದದ ಮೇಲೆ ಜಗಳ ನಡೆದ ಆ ಸಭೆಯಲ್ಲಿ ಡಾರ್ವಿನ್ ಇರಲೇ ಇಲ್ಲ, ಹೊಟ್ಟೆನೋವಿಗೆ ಜಲಚಿಕಿತ್ಸೆ ಪಡೆಯುತ್ತಿದ್ದ. ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಡಾರ್ವಿನ್ ಪರ ನಿಂತ ವಿಜ್ಞಾನಿ ಹಕ್ಸ್‌ಲಿ ಆಡಿದ ಮಾತುಗಳ ಅಕ್ಷರಶಃ ದಾಖಲೆಯೂ ಇಲ್ಲ. ಅಂದು ಮಾತಾಡಿದ್ದ ಹುಕರ್ ಎರಡು ದಿನಗಳ ನಂತರ ಸಭೆಯ ವಿವರ ಬರೆದು ಕಳಿಸಿದ. ಒದ್ದೆ ಪಟ್ಟಿ ಸುತ್ತಿಕೊಂಡು ಕೂತ ಡಾರ್ವಿನ್ ಆ ಕಾಗದ ಓದಲಿ. ಕೂಗಾಟವನ್ನೆಲ್ಲ ಅವನ ಮುಖದ ಮೇಲೆ ತೋರಿಸುವ ನಟ ನಿಮ್ಮಲ್ಲಿದ್ದರೆ ಸಭಾಂಗಣ ಕಟ್ಟುವ ಖರ್ಚು ಉಳಿಯುತ್ತದೆ.